ನಮ್ಮ ಕಟ್ಟಡ ಅಷ್ಟೇನೂ ಚೆನ್ನಾಗಿಲ್ಲ ಸಾರ್

ಸ್ವಂತ ಕಟ್ಟಡ ಇರುವವರು ಅದನ್ನು ಹೊಗಳುವುದಕ್ಕೆ ಯಾರ ಅಪ್ಪಣೆಗೂ ಕಾಯುವುದಿಲ್ಲ. ಬಂದವರನ್ನೆಲ್ಲ ತಾರಸಿ ತನಕ ಹತ್ತಿಸುತ್ತಾರೆ. ಗೋಡೆ ತಟ್ಟಿ, "ಹಳೇ ಕಾಲದ ಕೆಲಸ, ಮೊಳೆ ಹೊಡೆದ್ರೆ ಮೊಳೆನೇ ಬಗ್ಗತ್ತೆ" ಅನ್ನುತ್ತಾರೆ. ಇಂಥವರ ಬಾಯಲ್ಲಿ "ಅಯ್ಯೋ, ಅದೊಂದು ಕೊಂಪೆ ಬಿಡಿ" ಅನ್ನುವ ಮಾತು ಬರಬೇಕಾದರೆ ಒಂದೇ ದಾರಿ. ಮನೆಬಾಗಿಲಿಗೆ ಆಸ್ತಿ ತೆರಿಗೆಯ ಮೌಲ್ಯಮಾಪನದ ನೋಟೀಸು ಬರಬೇಕು.

ನನಗೂ ನನ್ನ ಭಾವನಿಗೂ ಜಂಟಿಯಾಗಿ ಒಂದು ಕಟ್ಟಡ ಇದೆ. ಕೆಳಗೆ ನಮ್ಮ ವ್ಯಾಪಾರ, ಹಿಂದೆ ಗೋಡೌನು. ಮೇಲಂತಸ್ತಿನಲ್ಲಿ ಬಾಡಿಗೆಗೆ ಒಂದು ಡ್ಯಾನ್ಸ್ ಕ್ಲಾಸು. ನೋಟೀಸಿನಲ್ಲಿ ಕಟ್ಟಡದ ಬೆಲೆ ನೋಡಿದ ಕೂಡಲೇ ಭಾವನ ಮುಖ ಅರಳಿತು. "ನೋಡಯ್ಯಾ, ನಾನು ಹೇಳ್ತಿರಲಿಲ್ವಾ, ಇದು ಚಿನ್ನ ಅಂತ!" ಆಮೇಲೆ ಅದರ ಕೆಳಗಿನ ಸಾಲು ಓದಿದರು. ಕಟ್ಟಬೇಕಾದ ತೆರಿಗೆ ಅಲ್ಲಿತ್ತು. ಚಿನ್ನ ನಿಂತ ನಿಲುವಿನಲ್ಲೇ ತಗಡಾಯಿತು.

"ಇಷ್ಟೊಂದು ಕಟ್ಟೋಕಾಗಲ್ಲ ಅಂತ ಅಪೀಲು ಬರೆದು ಬಿಸಾಕು" ಅಂದರು.

ಅಷ್ಟು ಸುಲಭವಾಗಿದ್ದರೆ ಲೋಕದಲ್ಲಿ ಯಾರೂ ತೆರಿಗೆ ಕಟ್ಟುತ್ತಿರಲಿಲ್ಲ. ತೆರಿಗೆ ಜಾಸ್ತಿ ಆಯಿತು ಅನ್ನುವುದು ಅಪೀಲಿಗೆ ಕಾರಣವೇ ಅಲ್ಲ. ಕಟ್ಟಡದ ಬೆಲೆಯನ್ನು ಶೇಕಡಾ ಇಂತಿಷ್ಟು ಅನ್ನುವ ದರದಿಂದ ಗುಣಿಸಿದರೆ ತೆರಿಗೆ. ಆ ದರ ಗೊತ್ತು ಮಾಡುವ ಜಾಗ ಬೇರೆ, ಅದರ ಜಗಳವೂ ಬೇರೆ. ಅಪೀಲಿನಲ್ಲಿ ನಮಗೆ ಮುಟ್ಟಲು ಬಿಡುವುದು ಬೆಲೆಯನ್ನು ಮಾತ್ರ. "ನಮ್ಮ ಹತ್ರ ದುಡ್ಡಿಲ್ಲ" ಅಂದರೆ ಕೇಳುವವರಿಲ್ಲ. "ಈ ಕಟ್ಟಡ ಅಷ್ಟು ಬಾಳಲ್ಲ" ಅನ್ನಬೇಕು, ಅದೂ ಪುರಾವೆ ಸಮೇತ. ವ್ಯಾಪಾರ ನಷ್ಟದಲ್ಲಿದೆ ಅಂತ ಕಣ್ಣೀರು ಹಾಕಿದರೂ ಉಪಯೋಗ ಇಲ್ಲ. ಅಳೆಯುವುದು ಕಟ್ಟಡವನ್ನು, ಅದರೊಳಗೆ ಕೂತವರ ಜಾಣತನವನ್ನಲ್ಲ. ಅದೇ ಜಾಗದಲ್ಲಿ ಬೇರೆಯವರು ಕೂತಿದ್ದರೆ ಲಾಭ ಮಾಡುತ್ತಿದ್ದರು ಅಂತ ಅವರ ಲೆಕ್ಕ. ಭಾವನಿಗೆ ಇದು ತೆರಿಗೆಗಿಂತ ಜಾಸ್ತಿ ಚುಚ್ಚಿತು.

ಗಡುವಿನ ವಿಷಯ ನೋಟೀಸಿನ ತೀರಾ ಕೆಳಗೆ, ಭೂತಗನ್ನಡಿ ಬೇಡುವಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದು ಶುರುವಾಗುವುದು ನೋಟೀಸಿನ ಮೇಲಿನ ತಾರೀಖಿನಿಂದ. ನಾವು ಲಕೋಟೆ ಒಡೆದ ದಿನದಿಂದ ಅಲ್ಲ. ನಮ್ಮ ನೋಟೀಸನ್ನು ಮೇಲಿನ ಡ್ಯಾನ್ಸ್ ಮೇಷ್ಟ್ರು ಸಹಿ ಹಾಕಿ ತೆಗೆದುಕೊಂಡು, ಮಕ್ಕಳ ಚಪ್ಪಲಿ ಗೂಡಿನ ಮೇಲೆ ಇಟ್ಟಿದ್ದರು. ಅದು ಅಲ್ಲಿ ಸಾಕಷ್ಟು ವಿಶ್ರಾಂತಿ ತೆಗೆದುಕೊಂಡೇ ಕೆಳಗಿಳಿದಿತ್ತು. ಸಾಲದ್ದಕ್ಕೆ, ಅಪೀಲು ಹಾಕಿದರೂ ತೆರಿಗೆ ಕಟ್ಟುವುದು ಹೆಚ್ಚಿನ ಕಡೆ ತಪ್ಪುವುದಿಲ್ಲ. ಮೊದಲು ಕಟ್ಟಬೇಕು, ಗೆದ್ದರೆ ಹೆಚ್ಚಿನದು ವಾಪಸು. "ಕಟ್ಟಿಬಿಟ್ಟು ಜಗಳ ಆಡೋದಾ? ಕಟ್ಟೋದೇ ಆದ್ರೆ ಜಗಳ ಯಾಕೆ?" ಅಂತ ಭಾವ ಕೇಳಿದರು. ಇದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ.

ಮೊದಲು ಅರ್ಜಿ ಕೊಟ್ಟು ಇಲಾಖೆಯಲ್ಲಿರುವ ನಮ್ಮ ಕಟ್ಟಡದ ವಿವರದ ಹಾಳೆ ತರಿಸಿಕೊಂಡೆವು. ಅಪೀಲು ಹಾಕುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು. ವಾದ, ಪ್ರತಿವಾದ, ವಕೀಲರು ಎಲ್ಲ ಆಮೇಲೆ. ಉದ್ದ ಅಗಲ, ಎಷ್ಟು ಮಹಡಿ, ಯಾವ ಬಳಕೆ, ಎಷ್ಟು ಹಳೆಯದು, ಏನೇನು ಸೌಕರ್ಯ ಅಂತ ಅದರಲ್ಲಿ ಬರೆದಿರುತ್ತದೆ. ತಪ್ಪು ಇದ್ದರೆ ಅಲ್ಲೇ ಇರುತ್ತದೆ. ಅಳತೆಯ ತಪ್ಪಿಗೆ ವಾದ ಬೇಡ, ಟೇಪು ಸಾಕು.

ಆ ಹಾಳೆ ಓದಿದಾಗ ನಮಗೆ ನಮ್ಮ ಕಟ್ಟಡದ ಪರಿಚಯ ಹೊಸದಾಗಿ ಆಯಿತು. ಅದರಲ್ಲಿ ಲಿಫ್ಟು ಇತ್ತು! ಭಾವ ಕಟ್ಟಡವನ್ನು ಒಂದು ಸುತ್ತು ಹಾಕಿ ಹುಡುಕಿಯೂ ಬಂದರು. ಮೂಟೆ ಎಳೆಯುವುದಕ್ಕೆ ಹಿಂದಿನ ಗೋಡೆಗೆ ಒಂದು ರಾಟೆ ಹಾಕಿಸಿದ್ದೆವು. ಹಗ್ಗ ಎಳೆದರೆ ಕಿರ್ರೋ ಅಂತ ಪಕ್ಕದ ಬೀದಿಗೆ ಕೇಳಿಸುತ್ತದೆ. ಅದೇ ಲಿಫ್ಟು. ಮೂರು ಕಡೆ ಗೋಡೆಯೇ ಇಲ್ಲದ, ಬರೀ ತಗಡಿನ ಚಪ್ಪರವಾಗಿರುವ ಹಿತ್ತಲು "ಮುಚ್ಚಿದ ಗೋಡೌನು" ಆಗಿತ್ತು. ಅಟ್ಟಕ್ಕೆ "ಪೂರ್ಣ ಮಹಡಿ" ಅಂತ ಬಡ್ತಿ ಸಿಕ್ಕಿತ್ತು. ಆ ಪೂರ್ಣ ಮಹಡಿಯನ್ನು ಅಳೆಯಲು ಭಾವ ಟೇಪು ಹಿಡಿದು ಹತ್ತಿದರು. ಅಲ್ಲಿ ನಿಲ್ಲುವ ಮಾತಿರಲಿ, ತಿರುಗುವುದಕ್ಕೂ ಜಾಗ ಇಲ್ಲ. ಮುಂದಕ್ಕೆ ತೆವಳಿಕೊಂಡು ಹೋದವರು ಹಿಂದಕ್ಕೆ ತೆವಳಿಕೊಂಡು ಬರಬೇಕಾಯಿತು. ನಡುವೆ "ಎತ್ತರ ಬರ್ಕೋ!" ಅಂತ ಕೂಗಿದ್ದು ಕೇಳಿಸಿತು, ಅಂಕಿ ಕೇಳಿಸಲಿಲ್ಲ. ತಲೆ ಜಂತಿಗೆ ಬಡಿದ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಕಟ್ಟಡದ ವಯಸ್ಸಂತೂ ಅರ್ಧಕ್ಕೆ ಇಳಿದಿತ್ತು. ಮುಂಭಾಗಕ್ಕೆ ಹೊಸ ಗಾರೆ ಮಾಡಿಸಿದ ವರ್ಷವನ್ನು ಭಾವ ಅಕ್ಕರೆಯಿಂದ ಬಾಗಿಲ ಮೇಲೆ ಕೆತ್ತಿಸಿದ್ದರು. ಬರೆದುಕೊಂಡು ಹೋದವರು ಅದನ್ನೇ ಕಟ್ಟಿದ ವರ್ಷ ಅಂದುಕೊಂಡಿದ್ದಾರೆ. ಹಳೆಯದಾದಷ್ಟೂ ಸವಕಳಿ ಜಾಸ್ತಿ, ಬೆಲೆ ಕಡಿಮೆ. ಹಾಗಾಗಿ ಈ ಒಂದು ಕೆತ್ತನೆಗೆ ನಾವು ತೆತ್ತ ಬೆಲೆ ಕಲ್ಲುಕುಟಿಗನ ಕೂಲಿಗಿಂತ ಎಷ್ಟೋ ಪಾಲು ಹೆಚ್ಚು.

ಇನ್ನು ಗೋಡೆ. ಹೊರಗಿನಿಂದ 40 ಅಡಿಗೆ 60 ಅಡಿ ಇರುವ ಕಟ್ಟಡ 2,400 ಚದರಡಿ. ಗೋಡೆ ಒಂದೂವರೆ ಅಡಿ ದಪ್ಪ ಇದ್ದರೆ ಒಳಗೆ ಸಿಗುವುದು 37ಕ್ಕೆ 57, ಅಂದರೆ 2,109 ಚದರಡಿ. ಉಳಿದ 291 ಚದರಡಿ ಬರೀ ಗೋಡೆ. ನೋಟೀಸಿನಲ್ಲಿ ಯಾವ ಅಳತೆ ಹಿಡಿದಿದ್ದಾರೆ, ಪಕ್ಕದವರಿಗೆ ಯಾವುದನ್ನು ಹಿಡಿದಿದ್ದಾರೆ ಅಂತ ನೋಡಬೇಕು. ಒಬ್ಬರಿಗೆ ಒಳಗಿಂದ, ಇನ್ನೊಬ್ಬರಿಗೆ ಹೊರಗಿಂದ ಅಳೆದಿದ್ದರೆ ಅದೇ ಒಳ್ಳೇ ವಾದ. ದಪ್ಪ ಗೋಡೆ ಅಂತ ಬೀಗುತ್ತಿದ್ದ ಭಾವ ಆವತ್ತಿನಿಂದ ಗೋಡೆ ತಟ್ಟುವುದನ್ನು ಬಿಟ್ಟಿದ್ದಾರೆ.

ಅಲ್ಲ, ಒಳಗೆ ಬಂದು ನೋಡಿದ್ದರೆ ರಾಟೆ ಲಿಫ್ಟಾಗುತ್ತಿತ್ತಾ? ಇದು ಹಳೇ ರೋಗ ಅನ್ನಿ. ಇಂಗ್ಲೆಂಡಿನಲ್ಲಿ 1662ರಲ್ಲಿ ಒಲೆಗಳ ಮೇಲೆ ತೆರಿಗೆ ಹಾಕಿದರು. ಒಲೆ ಎಣಿಸುವವರು ಮನೆಯೊಳಗೇ ನುಗ್ಗುತ್ತಾರೆ ಅಂತ ಜನ ರೇಗಿದರು. 1689ರಲ್ಲಿ ಅದನ್ನು ಕೈಬಿಟ್ಟು, 1696ರಲ್ಲಿ ಕಿಟಕಿಗೆ ತೆರಿಗೆ ತಂದರು. ಕಿಟಕಿಯಾದರೆ ಬೀದಿಯಲ್ಲೇ ನಿಂತು ಎಣಿಸಬಹುದಲ್ವಾ! ಜನ ಕಿಟಕಿಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿಕೊಂಡರು. 1784ರಲ್ಲಿ ಇಟ್ಟಿಗೆಗೂ ಎಣಿಕೆಯ ಮೇಲೆ ತೆರಿಗೆ ಬಂತು. ಇಟ್ಟಿಗೆ ಮಾಡುವವರು ಇಟ್ಟಿಗೆಯನ್ನೇ ದಪ್ಪ ಮಾಡಿದರು. ಕಿಟಕಿ ತೆರಿಗೆ ಹೋಗಿದ್ದು 1851ರಲ್ಲಿ. ಬೀದಿಯಲ್ಲಿ ನಿಂತು ಎಣಿಸುವ ಅಭ್ಯಾಸ ಹೋದ ಹಾಗೆ ಕಾಣುವುದಿಲ್ಲ.

ಬೆಲೆ ಕಟ್ಟುವುದಕ್ಕೆ ಮುಖ್ಯವಾಗಿ ಮೂರು ದಾರಿ. ಅಂಥದೇ ಕಟ್ಟಡ ಎಷ್ಟಕ್ಕೆ ಮಾರಾಟವಾಯಿತು ಅಂತ ನೋಡುವುದು ಒಂದು. ಈಗ ಹೊಸದಾಗಿ ಕಟ್ಟಲು ಆಗುವ ಖರ್ಚಿನಲ್ಲಿ ಸವಕಳಿ ಕಳೆಯುವುದು ಇನ್ನೊಂದು. ಅಂಗಡಿ, ಆಫೀಸುಗಳಿಗೆ ಹೆಚ್ಚಾಗಿ ಮೂರನೆಯದು ನಡೆಯುತ್ತದೆ, ಅಂದರೆ ಬಾಡಿಗೆಯ ಆದಾಯದ ಲೆಕ್ಕ. ಖರ್ಚು ಕಳೆದು ವರ್ಷಕ್ಕೆ 100 ಉಳಿಯುವ ಕಟ್ಟಡ ಅಂತಿಟ್ಟುಕೊಳ್ಳಿ. ಕೊಂಡವರು ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ 8 ಹುಟ್ಟಬೇಕು ಅಂತ ಲೆಕ್ಕ ಹಾಕಿದರೆ ಅದರ ಬೆಲೆ 1,250. ಶೇಕಡಾ 10 ಅಂದರೆ 1,000. ಎರಡೇ ಎರಡು ಅಂಕಿ ಆಚೀಚೆ ಆದರೆ ಐದನೇ ಒಂದು ಭಾಗ ಮಾಯ! ಭಾವನಿಗೆ ಇದು ಎಷ್ಟು ಹಿಡಿಸಿತು ಅಂದರೆ, "ಶೇಕಡಾ 40 ಅಂತ ಬರಿ" ಅಂದರು. ಹಾಗೆಲ್ಲ ಬಾಯಿಗೆ ಬಂದದ್ದು ಬರೆಯುವ ಹಾಗಿಲ್ಲ. ಆ ಭಾಗದಲ್ಲಿ ನಿಜವಾಗಿ ನಡೆದ ವ್ಯವಹಾರದಿಂದ ತೆಗೆದು ತೋರಿಸಬೇಕು. ಬಾಡಿಗೆಯೂ ಅಷ್ಟೇ. ಬೇಕಾದವರು ಅಂತ ಕಡಿಮೆಗೆ ಕೊಟ್ಟಿದ್ದರೆ ಆ ಅಂಕಿ ಲೆಕ್ಕಕ್ಕಿಲ್ಲ, ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತಿತ್ತು ಅನ್ನುವುದೇ ಲೆಕ್ಕ. ನಮ್ಮ ಮೇಲಂತಸ್ತಿಗೆ ಅವರು ಹಾಕಿದ್ದ ಮಾರುಕಟ್ಟೆ ಬಾಡಿಗೆ ಕೇಳಿದ್ದರೆ ಡ್ಯಾನ್ಸ್ ಮೇಷ್ಟ್ರು ಕುಣಿಯುವುದನ್ನೇ ಬಿಡುತ್ತಿದ್ದರು.

ಸರಿ, ಸುತ್ತಮುತ್ತಲಿನ ಬಾಡಿಗೆ ಎಷ್ಟು ಅಂತ ವಿಚಾರಿಸಲು ಹೊರಟೆವು. ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಎದುರಿನ ಕಟ್ಟಡದ ಮಾಲೀಕರು ತಮಗೆ ಬರುವ ಬಾಡಿಗೆಯನ್ನು ಎದೆಯುಬ್ಬಿಸಿ ಹೇಳಿದರು. ಭಾವ ಬೆಚ್ಚಿಬಿದ್ದರು. ಆ ಅಂಕಿ ಹಿಡಿದರೆ ನಮ್ಮ ತೆರಿಗೆ ಇನ್ನೂ ಮೇಲೆ ಹೋಗುತ್ತಿತ್ತು. "ಸಾರ್, ಇದು ತೆರಿಗೆ ಅಪೀಲಿಗೆ" ಅಂತ ನಾನು ಮೆತ್ತಗೆ ಅಂದೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ, ಅರ್ಧಕ್ಕೆ ಇಳಿಸಿದರು. "ಕರಾರು ಪತ್ರದ ನಕಲು ಸಿಗುತ್ತಾ?" ಅಂದೆ. ಅವರಿಗೆ ತಕ್ಷಣ ಒಂದು ಅರ್ಜೆಂಟು ಕೆಲಸ ನೆನಪಾಯಿತು. ಕಾಗದ ಇಲ್ಲದ ಬಾಡಿಗೆಗೆ ಅಪೀಲಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಕೊನೆಗೆ ನಮಗೆ ದಕ್ಕಿದ್ದು ಕರಾರು ತೋರಿಸಲು ಒಪ್ಪಿದ ಒಬ್ಬಿಬ್ಬರು ಪುಣ್ಯಾತ್ಮರ ಅಂಕಿ ಮಾತ್ರ. ಅದೂ ಮೌಲ್ಯಮಾಪನಕ್ಕೆ ಹಿಡಿದ ತಾರೀಖಿನ ಆಸುಪಾಸಿನದಾಗಿರಬೇಕು. ಆಮೇಲೆ ಬಾಡಿಗೆ ಬಿದ್ದರೂ ಎದ್ದರೂ ಆ ಸಲದ ಲೆಕ್ಕಕ್ಕೆ ಬರುವುದಿಲ್ಲ.

ಸ್ಥಳ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ ಅಂತ ಸುದ್ದಿ ಬಂತು. ನಮ್ಮ ಬತ್ತಳಿಕೆಯ ದೊಡ್ಡ ಬಾಣ ಅಂದರೆ ಗೋಡೌನಿನ ಗೋಡೆಯ ಮೇಲಿನ ತೇವದ ಕಲೆ. ಹಸಿರು, ಕಪ್ಪು, ಕಂದು ಎಲ್ಲ ಸೇರಿ ನೋಡಿದವರಿಗೆ ಅಯ್ಯೋ ಅನ್ನಿಸುವಂತಿತ್ತು. ಅಧಿಕಾರಿಯನ್ನು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋದೆವು. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಆಫೀಸಿನವರು ಬರುತ್ತಾರೆ, ನೋಡಿದವರು ಏನಂದುಕೊಂಡಾರು ಅಂತ ಅಕ್ಕ ಹಿಂದಿನ ದಿನವೇ ನಿಂತು ಸುಣ್ಣ ಹೊಡೆಸಿದ್ದಳು.

"ಚೆನ್ನಾಗಿ ಇಟ್ಕೊಂಡಿದ್ದೀರಿ" ಅಂತ ಅಧಿಕಾರಿ ಬರೆದುಕೊಂಡರು.

ನಮ್ಮ ಪುಣ್ಯಕ್ಕೆ ಅಷ್ಟು ಹೊತ್ತಿಗೆ ಮೇಲೆ ಕ್ಲಾಸು ಶುರುವಾಯಿತು. ಮಕ್ಕಳೆಲ್ಲ ಒಟ್ಟಿಗೆ ಕಾಲು ಅಪ್ಪಳಿಸಿದರು. ಸೂರಿನಿಂದ ಒಂದು ಹಿಡಿ ಗಾರೆ ಉದುರಿ ನೇರವಾಗಿ ತೆರೆದಿಟ್ಟ ಫೈಲಿನೊಳಗೆ ಬಿತ್ತು. ಅಧಿಕಾರಿ ಫೈಲು ಕೊಡವಿದರು, ಮೇಲೆ ನೋಡಿದರು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ಸಾಲು ಬರೆದುಕೊಂಡರು. ಆ ಸಾಲು ಏನಿರಬಹುದು ಅಂತ ಭಾವ ಇಣುಕಲು ಹೋಗಿ ಕೈಗೆ ಸಿಕ್ಕಿದ ರಾಟೆಯ ಹಗ್ಗ ಹಿಡಿದರು. ಲಿಫ್ಟು ಕಿರ್ರೋ ಅಂತು.

ವಿಚಾರಣೆಯ ದಿನ ಭಾವನೇ ವಾದ ಮಾಡಿದರು. ಕಟ್ಟಿಸುವಾಗ ಒಂದೊಂದು ಇಟ್ಟಿಗೆಯನ್ನೂ ಮುಟ್ಟಿ ನೋಡಿದ ಮನುಷ್ಯ, ಹೆತ್ತ ಮಗನ ತಪ್ಪುಗಳನ್ನು ತಾನೇ ಹೆಡ್‌ಮೇಷ್ಟ್ರಿಗೆ ಓದಿ ಹೇಳುವ ತಂದೆಯ ಹಾಗೆ ಶುರು ಮಾಡಿದರು. ಮೆಟ್ಟಿಲು ಕಡಿದು. ಮೇಲಂತಸ್ತಿನ ನಟ್ಟನಡುವೆ ಕಂಬ. ಹಿಂಭಾಗಕ್ಕೆ ಬೆಳಕಿಲ್ಲ, ಗಿರಾಕಿ ಅಲ್ಲಿವರೆಗೆ ಬರುವುದೇ ಇಲ್ಲ. ಈ ಕೊನೆಯದು ಗಟ್ಟಿ ವಾದ. ಅಂಗಡಿಗೆ ಮುಂಭಾಗದ ಜಾಗಕ್ಕೆ ಇರುವ ಬೆಲೆ ಹಿಂಭಾಗಕ್ಕೆ ಇರುವುದಿಲ್ಲ. ಇಂಗ್ಲೆಂಡಿನಲ್ಲಂತೂ ಬೀದಿ ಕಡೆಯ ಮೊದಲ 6.1 ಮೀಟರಿಗೆ ಪೂರ್ತಿ ದರ, ಅದರ ಹಿಂದಿನ 6.1 ಮೀಟರಿಗೆ ಅರ್ಧ, ಅದಕ್ಕೂ ಹಿಂದೆ ಕಾಲು ಅಂತ ಲೆಕ್ಕ ಹಾಕುವ ಪದ್ಧತಿಯೇ ಇದೆ. ಭಾವ ಹೇಳುತ್ತಾ ಹೇಳುತ್ತಾ ಉತ್ಸಾಹ ಏರಿ, ಇಲ್ಲದ ದೋಷಗಳನ್ನೂ ಸೇರಿಸತೊಡಗಿದರು. ನಾನು ಅಂಗಿ ಜಗ್ಗಿದೆ. ಅಪೀಲಿನಲ್ಲಿ ಬೆಲೆ ಇಳಿಯಲೇಬೇಕು ಅಂತೇನಿಲ್ಲ. ಎಷ್ಟೋ ಕಡೆ ಮತ್ತೆ ಲೆಕ್ಕ ಹಾಕಿ ಏರಿಸುವ ಅಧಿಕಾರವೂ ಅವರಿಗೆ ಇರುತ್ತದೆ.

ಇಲಾಖೆಯ ಕಡೆಯವರು ಒಂದು ಹಾಳೆ ತೆಗೆದು ಓದಿದರು. "ವಿಶಾಲವಾದ ಗೋಡೌನು, ಧಾರಾಳ ಗಾಳಿ ಬೆಳಕು, ಸದಾ ಜನ ಓಡಾಡುವ ಜಾಗ, ಬಾಡಿಗೆಗೆ ಸಂಪರ್ಕಿಸಿ." ಕೆಳಗೆ ಭಾವನ ಫೋನ್ ನಂಬರ್.

"ಅದು ಜಾಹೀರಾತು ಸಾರ್" ಅಂದರು ಭಾವ.

"ಹಾಗಾದ್ರೆ ಇದು?" ಅಂತ ಅವರು ನಮ್ಮ ಅಪೀಲಿನ ಅರ್ಜಿ ಎತ್ತಿ ತೋರಿಸಿದರು.

ಕೊನೆಗೆ ಕೆಲಸಕ್ಕೆ ಬಂದದ್ದು ಒಣ ಕಾಗದಗಳೇ. ಹಳೆಯ ನಕ್ಷೆಯಿಂದ ಕಟ್ಟಡದ ವಯಸ್ಸು ಸರಿಹೋಯಿತು. ಲಿಫ್ಟು ಮತ್ತೆ ರಾಟೆಯಾಯಿತು. ಅಟ್ಟಕ್ಕೆ ಹಿಂಬಡ್ತಿ ಸಿಕ್ಕಿತು. ಹಿತ್ತಲು ಚಪ್ಪರವಾಯಿತು. ತೇವದ ಕಲೆಯ ಹಳೇ ಫೋಟೋ ಕೊಟ್ಟಿದ್ದೆವು, ರಿಪೇರಿ ಮಾಡಿಸುವುದು ಮಾಲೀಕರ ಕೆಲಸ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಮೇಲಂತಸ್ತಿನ ವಿಷಯದಲ್ಲಿ ಮಾತ್ರ ಭಾವನ ವಾದ ಪೂರ್ತಿ ಗೆದ್ದಿತ್ತು. ಕಡಿದು ಮೆಟ್ಟಿಲು, ನಡುವೆ ಕಂಬ, ಲಿಫ್ಟಿಲ್ಲ ಅಂತ ಬರೆದು, ಅದರ ನ್ಯಾಯವಾದ ಬಾಡಿಗೆಯನ್ನು ನಮಗೆ ನಿಜವಾಗಿ ಬರುತ್ತಿದ್ದುದಕ್ಕಿಂತ ಒಂದಿಷ್ಟು ಕೆಳಗೇ ಇಳಿಸಿದ್ದರು. ತೆರಿಗೆ ಇಳಿಯಿತು. ಭಾವ ಮೀಸೆ ಮೇಲೆ ಕೈ ಹಾಕಿದರು.

ಅದೇ ದಿನ ಸಂಜೆ ಡ್ಯಾನ್ಸ್ ಮೇಷ್ಟ್ರು ಕೆಳಗಿಳಿದು ಬಂದರು. ಟಪಾಲಿನವರು ಆದೇಶವನ್ನೂ ಮೇಲೇ ಕೊಟ್ಟು ಹೋಗಿದ್ದರಂತೆ, ಅದನ್ನು ಕೆಳಗೆ ತಂದುಕೊಟ್ಟಾಗ ಒಂದು ನಕಲು ಮಾಡಿಸಿ ಇಟ್ಟುಕೊಂಡಿದ್ದರಂತೆ. ಬಾಡಿಗೆಯ ಅಂಕಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ಮುಂದಿನ ತಿಂಗಳು ನಮ್ಮ ಕರಾರು ಹೊಸದಾಗಿ ಆಗ್ಬೇಕಲ್ವಾ ಸಾರ್. ಇದರಲ್ಲಿರೋದೆಲ್ಲ ನೀವೇ ಬರೆದುಕೊಟ್ಟಿದ್ದು. ಮೆಟ್ಟಿಲು, ಕಂಬ, ಉದುರೋ ಗಾರೆ... ನಾನು ಒಂದು ಮಾತೂ ಸೇರಿಸಿಲ್ಲ."

ಭಾವ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದರು: "ಲೋ, ಇದಕ್ಕೆ ಅಪೀಲು ಎಲ್ಲಿ ಹಾಕ್ಬೇಕೋ?"