ಚುಕ್ಕೆ ಮೂಡದ ಪಾಸ್‌ವರ್ಡ್

ಹಳೆಯ ಲ್ಯಾಪ್‌ಟಾಪಿಗೆ ಮರುಜನ್ಮ ಕೊಡುವ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ವೈ-ಫೈ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸುಸೂತ್ರವಾಗಿತ್ತು. ಅದರ ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮುಕ್ತ ಪರವಾನಗಿಯದ್ದಲ್ಲವಾದ್ದರಿಂದ, ಲಿನಕ್ಸ್ ತುಂಬಿಕೊಂಡಿದ್ದ ನನ್ನ ಪೆನ್‌ಡ್ರೈವಿನಲ್ಲಿ ಇರಲಿಲ್ಲ. ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ವೈ-ಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಅಂದೇ.

ಮೊಬೈಲಿನಿಂದ ಲಿನಕ್ಸ್ ಬಳಗವೊಂದರಲ್ಲಿ ವಿನಯದಿಂದ ಕೇಳಿದೆ. "ಕೈಪಿಡಿ ಓದಿ" ಎಂದರು ಒಬ್ಬರು. ಕೈಪಿಡಿ ತೆರೆಯಲು 'ಮ್ಯಾನ್' ಎಂಬ ಆದೇಶವಂತೆ. ಅದನ್ನು ಬಳಸುವ ಬಗೆ ತಿಳಿಯಲು 'ಮ್ಯಾನ್ ಮ್ಯಾನ್' ಎಂದು ಟೈಪಿಸಬೇಕಂತೆ. ಇನ್ನೊಬ್ಬರು ನಾನು ಆರಿಸಿಕೊಂಡ ಲಿನಕ್ಸ್ ಬಗೆಯೇ ಸರಿಯಿಲ್ಲವೆಂದರು, ಮತ್ತೊಬ್ಬರು ಅವರನ್ನು ಖಂಡಿಸಿದರು, ಮದುಮಗನನ್ನು ಮಂಟಪದಲ್ಲೇ ಮರೆತು ಬೀಗರು ಜಗಳಕ್ಕೆ ನಿಂತಂತಾಯಿತು.

ಕೊನೆಗೆ ಒಬ್ಬರು ಕೇಳಿದ್ದು ಇಷ್ಟೇ: "ಫೋನಿನ ಚಾರ್ಜಿಂಗ್ ಕೇಬಲ್ ಹತ್ತಿರದಲ್ಲಿದೆಯೇ?" ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಫೋನಿನಲ್ಲಿ ಟೆದರಿಂಗ್ ಒತ್ತಿದೊಡನೆ ಇಂಟರ್‌ನೆಟ್ ಬಂತು. ಡ್ರೈವರ್ ಹಾಕಿಕೊಳ್ಳಲೆಂದು ಅವರು ಬರೆದುಕೊಟ್ಟ, ಯಜಮಾನನ ಅಧಿಕಾರದಲ್ಲಿ ಆದೇಶ ನಡೆಸುವ 'ಸುಡೊ' ಸಾಲನ್ನು ಟರ್ಮಿನಲ್ ಎಂಬ ಆದೇಶದ ಕಿಟಕಿಯಲ್ಲಿ ಟೈಪಿಸಿದೆ. ಅದು ಪಾಸ್‌ವರ್ಡ್ ಕೇಳಿತು. ಎಷ್ಟು ಕುಟ್ಟಿದರೂ ಪರದೆಯ ಮೇಲೆ ಅಕ್ಷರವಿರಲಿ, ಒಂದು ಚುಕ್ಕೆಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ತೀರ್ಮಾನಿಸಿದ ನಾನು, "ಕೀಲಿಮಣೆಯ ಧೂಳು ತೆಗೆಯುವುದು ಹೇಗೆ?" ಎಂದು ಬಳಗಕ್ಕೆ ಬರೆದು, ಉತ್ತರಕ್ಕೂ ಕಾಯದೆ, ಬೆಣ್ಣೆ ಸವರುವ ಚಾಕುವಿನಿಂದ ಕೀಲಿಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದೆ.

ಇದು ಲಿನಕ್ಸ್ ಪ್ರಶ್ನೆಯೇ ಅಲ್ಲವೆಂದು ಬಳಗ ಗದರಿತು. ಕೇಬಲ್ಲಿನ ಮಹನೀಯರು ಮಾತ್ರ, "ಕೆಟ್ಟಿದೆಯೆಂದು ತಿಳಿದಾಗ ಏನು ಮಾಡುತ್ತಿದ್ದಿರಿ?" ಎಂದು ವಿಚಾರಿಸಿದರು. ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡಿನ ಉದ್ದವೂ ಗೊತ್ತಾಗಬಾರದೆಂದು ಟರ್ಮಿನಲ್ ಏನನ್ನೂ ತೋರಿಸುವುದಿಲ್ಲವಂತೆ.

ಹೀಗೆ ನಿಜವಾದ ತೊಡಕನ್ನು ಬಿಟ್ಟು ತಾನು ಊಹಿಸಿಕೊಂಡ ಪರಿಹಾರದ ಬಗ್ಗೆ ಕೇಳುವುದಕ್ಕೆ ಬಲ್ಲವರು 'ಎಕ್ಸ್-ವೈ ಸಮಸ್ಯೆ' ಎನ್ನುತ್ತಾರೆ, ಬಹುಮಟ್ಟಿಗೆ ಬೈಗುಳದ ಧಾಟಿಯಲ್ಲಿ. ಸಂಬಳವಿಲ್ಲದೆ ಉತ್ತರಿಸುವವರಿಗೆ ಅದೇ ಪ್ರಶ್ನೆ ನೂರನೆಯ ಬಾರಿ ಬಂದಾಗ ರೇಗುವುದು ಸಹಜವೇ. ಆದರೆ ಕೇಳುವವನಿಗೆ ಅದು ಮೊದಲನೆಯ ಬಾರಿ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೂಡ 1991ರ ಆಗಸ್ಟ್ 25ರಂದು, ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿಯಾಗಿ, ತಾವು ಬರೆಯುತ್ತಿರುವುದು ಬರೀ ಹವ್ಯಾಸಕ್ಕೆಂದು ಸಂಕೋಚದಿಂದ ಹೇಳಿಕೊಂಡು, ಮಿನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬಳಸುವವರ ಸಲಹೆ ಕೇಳಿದವರೇ. ಮುಂದೆ ಬಿರುನುಡಿಗೆ ಹೆಸರಾದ ಅವರು 2018ರಲ್ಲಿ ಅದಕ್ಕಾಗಿ ಕ್ಷಮೆ ಕೋರಿ ಕೆಲವು ವಾರ ಬಿಡುವು ಪಡೆದರು.

ನನ್ನ ವೈ-ಫೈ ಅಂದೇ ಸರಿಹೋಯಿತು. ಆದರೆ ಕಿತ್ತ ಕೀಲಿಗಳನ್ನು ಮರಳಿ ಕೂರಿಸುವಾಗ 'ಎಮ್' ಮತ್ತು 'ಎನ್' ಅದಲುಬದಲಾಗಿವೆ. ಕೈಪಿಡಿಯನ್ನು ಓದಿಯೇಬಿಡೋಣವೆಂದು ಕೀಲಿ ನೋಡಿಕೊಂಡು 'ಮ್ಯಾನ್' ಎಂದು ಒತ್ತಿದರೆ 'ನ್ಯಾಮ್' ಎಂದು ಮೂಡುತ್ತದೆ. ಅಂಥ ಆದೇಶವೇ ಇಲ್ಲವೆಂದು ಲ್ಯಾಪ್‌ಟಾಪ್ ಪ್ರತಿ ಸಲವೂ ಬೇಸರಿಸದೆ ತಿಳಿಸುತ್ತದೆ.