ಲ್ಯಾಪ್‌ಟಾಪ್ ಹಳೆಯದಾಯ್ತು ಅಂತ ಬಿಡುವ ಮುಂಚೆ ಒಮ್ಮೆ ಬಿಚ್ಚಿಸಿ ನೋಡಿ

ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲಿ ಪ್ರತಿವರ್ಷ ಇದೇ ಮಾತು: "ಲ್ಯಾಪ್‌ಟಾಪ್ ತುಂಬ ಸ್ಲೋ ಆಗಿದೆ, ಇಎಂಐ ಮೇಲೆ ಹೊಸದು ತಗೊಳ್ಳೋಣ." ಚಾಳಿನ ಬಾಡಿಗೆ, ಊರಿನ ಸಾಲ, ಮಕ್ಕಳ ಫೀಸು ಎಲ್ಲದರ ನಡುವೆ ಇನ್ನೊಂದು ಕಂತು ಯಾಕೆ ಕಟ್ಟಬೇಕು? ಎಷ್ಟು ವರ್ಷದ ಲ್ಯಾಪ್‌ಟಾಪ್ ಅಂತ ಕೇಳುವ ಮೊದಲು ಅದರಲ್ಲಿ ಕೆಟ್ಟಿರುವುದು ಏನು ಅಂತ ಕೇಳಿ. ನನ್ನ ವಾದ ಇಷ್ಟೇ.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಅಕ್ಕ ಇದ್ದಾರೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪ್ ಅರ್ಧ ಗಂಟೆ ಓಡಿ ತಾನಾಗಿಯೇ ಬಂದ್ ಆಗುತ್ತಿತ್ತು. ಹತ್ತಿರದ ಒಂದು ಸರ್ವಿಸ್ ಸೆಂಟರಿನವರು "ಮದರ್‌ಬೋರ್ಡ್ ಹೋಗಿದೆ" ಅಂದು (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್ ಅದು), ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆ ಕೇಳಿದರು. "ಅಣ್ಣ, ನೀವೊಮ್ಮೆ ನೋಡ್ತೀರಾ?" ಅಂದರು ಅಕ್ಕ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಒಯ್ದೆವು. ಅಲ್ಲಿನ ಹುಡುಗ ನಮ್ಮ ಕಣ್ಣೆದುರೇ ಕೆಳಗಿನ ಕವರ್ ತೆಗೆದ. ಫ್ಯಾನಿಗೂ ತಾಮ್ರದ ಪೈಪಿನ ತುದಿಯ ಜಾಲರಿಗೂ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿ ಕೂತಿತ್ತು, ಚಿಮುಟದಲ್ಲಿ ಹಿಡಿದೆಳೆದರೆ ಒಂದೇ ಪಟ್ಟಿಯಾಗಿ ಬಂತು. ಪ್ರೊಸೆಸರ್ ಮೇಲಿನ, ಬಿಸಿಯನ್ನು ಪೈಪಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಬಿಸಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ, ಅದಕ್ಕೇ ಅದು ತನ್ನನ್ನು ತಾನು ಬಂದ್ ಮಾಡಿಕೊಳ್ಳುತ್ತಿತ್ತು. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಇಂಥದ್ದು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ದುಡಿದು ತಿನ್ನುವವರಿಗೆ ಅರ್ಧ ಬೆಲೆ ಅಂದರೆ ಸಣ್ಣ ಮಾತಲ್ಲ.

ಅದೇ ಕೂತಲ್ಲಿ ಫೈಲುಗಳಿರುವ ಹಳೇ ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದೆವು. ಲ್ಯಾಪ್‌ಟಾಪ್ "ಸ್ಲೋ" ಅನ್ನುವವರಲ್ಲಿ ಬಹಳಷ್ಟು ಜನರ ತೊಂದರೆ ಇರುವುದು ಇಲ್ಲೇ. ತಿರುಗುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಓದಿದರೆ, ಸಾಧಾರಣ ಎಸ್‌ಎಸ್‌ಡಿ 500 ದಾಟುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನೂ ಕೆಲಸ ಮಾಡದಿದ್ದರೂ ಡಿಸ್ಕ್ 100% ಅಂತ ತೋರಿಸುತ್ತಲೇ ಇದ್ದರೆ ಮೊದಲು ಅದನ್ನೇ ಬದಲಿಸಿ.

ಈಗ ವಿಂಡೋಸ್ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್ ಇತ್ಯಾದಿ) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಆಮೇಲಿನ ಪ್ರೊಸೆಸರ್ ಇರಬೇಕು. ಪ್ರೊಸೆಸರ್ ಹೆಸರು ಐ5-8250ಯು ಅಂತಿದ್ದರೆ ನಡೆಯುತ್ತದೆ, ಐ5-7200ಯು ಅಂತಿದ್ದರೆ ಇಲ್ಲ. ಅಕ್ಕನ ಮಗಳದ್ದು 8ನೇ ಪೀಳಿಗೆಯದು, ಹಾಗಾಗಿ ನಾನು ಧೈರ್ಯವಾಗಿ ರಿಪೇರಿ ಅಂದೆ. 7ನೆಯದಾಗಿದ್ದರೆ, ವಿಂಡೋಸ್ ಮೇಲೆ ಓಡುವ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿಯುವ ಹುಡುಗಿಗೆ ಬೇರೆ ಲ್ಯಾಪ್‌ಟಾಪ್ ನೋಡಿ ಅಂತಲೇ ಹೇಳುತ್ತಿದ್ದೆ. ಬರೀ ಬ್ರೌಸರ್, ಟೈಪಿಂಗ್, ವಿಡಿಯೋ ಸಾಕು ಅನ್ನುವವರಿಗೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಚೆನ್ನಾಗಿ ಬರೆಯಬಹುದು.

ಹೊಸದು ತಗೊಳ್ಳಲೇಬೇಕಾದ ಸಂದರ್ಭಗಳೂ ಇವೆ. ನೀರು ಬಿದ್ದು ಬೋರ್ಡಿಗೆ ಹಸಿರು ತುಕ್ಕು ಹಿಡಿದಿದ್ದರೆ ದುಡ್ಡು ಸುರಿಯಬೇಡಿ. ನಮ್ಮ ಕಡಲ ಗಾಳಿಗೆ ಅದು ಇನ್ನೂ ಹರಡುತ್ತದೆ. 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸಲು ಸ್ಲಾಟ್ ಇಲ್ಲದಿದ್ದರೂ ಅಷ್ಟೇ. ಹಿಂಜ್ ಮುರಿದು ಜೊತೆಗೆ ಸ್ಕ್ರೀನೂ ಒಡೆದಿದ್ದರೆ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಗಿಟ್ಟುವುದಿಲ್ಲ.

ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಇವತ್ತೇ ಚಾರ್ಜರ್ ತೆಗೆದು ಉಪಯೋಗಿಸುವುದನ್ನು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಭಂಗಾರಿನವನ (ಗುಜರಿಯವನ) ಮೂಟೆಗೆ ಹಾಕಬೇಡಿ, ಬೆಂಕಿ ಹತ್ತಬಹುದು. ಬದಲಿಸಿದರೆ ಉಳಿದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಯಾರಾದರೂ "ಬೋರ್ಡ್ ಹೋಗಿದೆ" ಅಂದರೆ ಕಾಗದದ ಮೇಲೆ ಬರೆದು ಕೊಡಿ ಅನ್ನಿ, ಇನ್ನೊಂದು ಕಡೆ ತೋರಿಸಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿದೆ. ವಾರಂಟಿ, ಬಿಡಿಭಾಗದ ಮಾಹಿತಿಗೆ ಮೊದಲು ಅಲ್ಲಿ ನೋಡಿ. ಹಳೆಯದನ್ನು ಕೊಟ್ಟೇಬಿಡುವುದಾದರೆ ಡಿಸ್ಕ್ ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಆಧಾರ್, ಪ್ಯಾನ್, ಮನೆಯವರ ಫೋಟೋ ಎಲ್ಲ ಅದರಲ್ಲೇ ಇರುತ್ತದೆ. ನಿಮ್ಮದು ಯಾವ ಮಾಡೆಲ್, ಏನು ತೊಂದರೆ ಅಂತ ಕೆಳಗೆ ಬರೆಯಿರಿ, ಗೊತ್ತಿದ್ದಷ್ಟು ಹೇಳುತ್ತೇನೆ.