ಗೆದ್ದವರು ಹೆಂಡತಿಯರು, ಪ್ರಮಾಣ ಗಂಡಂದಿರದು

ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯ ಆ ವಿಡಿಯೋ ನೀವೂ ನೋಡಿರುತ್ತೀರಿ. 2025ರ ಮಾರ್ಚ್‌ನದ್ದು. ಪಂಚಾಯಿತಿಗೆ ಗೆದ್ದವರು ಆರು ಹೆಂಗಸರು, ಪ್ರಮಾಣವಚನ ತೆಗೆದುಕೊಂಡವರು ಅವರ ಆರು ಗಂಡಂದಿರು. ನನಗೇನೋ ಆ ಗಂಡಂದಿರನ್ನು ಬೈಯಲು ಮನಸ್ಸಿಲ್ಲ. ಹೆಂಡತಿಗೆ ಯಾಕೆ ತೊಂದರೆ ಅಂತ ತಾವೇ ಬಂದಿದ್ದಾರೆ. ಇಷ್ಟು ಪ್ರೀತಿ ಇರುವವರು ಮನೆಯಲ್ಲಿ ಪಾತ್ರೆಯನ್ನೂ ತೊಳೆಯುತ್ತಿರಬಹುದು. ಇರಬಹುದು ಅಂದೆ, ಅಷ್ಟೇ.

ಪಂಚಾಯಿತಿ ಕಾರ್ಯದರ್ಶಿಯನ್ನು ಅಮಾನತು ಮಾಡಿದರು. ಗಂಡಂದಿರನ್ನು ಏನೂ ಮಾಡುವಂತಿಲ್ಲ, ಅವರು ಸದಸ್ಯರೇ ಅಲ್ಲವಲ್ಲ!

ಇದೇನು ಹೊಸ ಪದ್ಧತಿಯೂ ಅಲ್ಲ. ಬ್ರಿಟಿಷರ 1935ರ ಕಾಯ್ದೆಯಲ್ಲಿ ಹೆಂಗಸರಿಗೆ ಓಟು ಇತ್ತು. ಓದು ಬರಹ ಬರಬೇಕು, ಇಲ್ಲ ಸ್ವಂತ ಆಸ್ತಿ ಇರಬೇಕು. ಎರಡೂ ಇಲ್ಲವೇ? ಚಿಂತೆ ಬೇಡ, ಆಸ್ತಿ ಇರುವವನ ಹೆಂಡತಿಯೋ ವಿಧವೆಯೋ ಆದರೂ ನಡೆಯುತ್ತೆ. ಗಂಡನ ಲೆಕ್ಕದಲ್ಲಿ ಬರುವ ಓಟು ನಮಗೆ ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ ಅಂತ ಅಖಿಲ ಭಾರತ ಮಹಿಳಾ ಸಮ್ಮೇಳನದವರು ಮೊದಲೇ ಹೇಳಿದ್ದರು. ಲಂಡನ್ನಿನ ಗಂಡಸರಿಗೆ ಅದು ಜಾಸ್ತಿ ಅನ್ನಿಸಿತು.

ಎಲ್ಲರಿಗೂ ಓಟು ಬಂದಾಗ ಇನ್ನೊಂದು ತಮಾಷೆ. 1951-52ರ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಹೋದರೆ, ಬಿಹಾರ, ರಾಜಸ್ಥಾನದ ಕಡೆ ಎಷ್ಟೋ ಹೆಂಗಸರು ಪರಗಂಡಸಿಗೆ ಹೆಸರೇ ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಅಂತ ಬರೆದುಕೊಂಡು ಬಂದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಜನರನ್ನು ಪಟ್ಟಿಯಿಂದ ತೆಗೆದರು. 1935ರಲ್ಲಿ ಹೆಂಡತಿ ಅಂತ ಓಟು ಸಿಕ್ಕಿತು, ಈಗ ಬರೀ ಹೆಂಡತಿ ಅಂತ ಓಟು ಹೋಯ್ತು. ಸೇನ್ ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ. ಹೆಸರಿಲ್ಲದೆ ಬಿಟ್ಟಿದ್ದರೆ ಆ 28 ಲಕ್ಷ ಓಟನ್ನೂ ಗಂಡಂದಿರೇ ಹಾಕಿ ಬರುತ್ತಿದ್ದರು.

ನಮ್ಮವರೂ ಕಡಿಮೆ ಇಲ್ಲ ಬಿಡಿ. 1926ರಲ್ಲೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತರು, ಸ್ವಲ್ಪದರಲ್ಲಿ ಸೋತರು. ಆ ಸೋಲನ್ನೂ ಅವರೇ ಸೋತರು, ಗಂಡನನ್ನು ಕಳಿಸಲಿಲ್ಲ. ಈಗ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಅಧ್ಯಕ್ಷರು ಇದ್ದಾರಾ ಅಂತ ಕೇಳಿ ನೋಡಿ, ಕುರ್ಚಿಯಿಂದ ಒಂದು ಮೀಸೆ "ಏನ್ ವಿಷ್ಯ?" ಅನ್ನುತ್ತೆ. ಫ್ಲೆಕ್ಸ್ ನೋಡಿದ್ದೀರಲ್ಲ? ಮೂಲೆಯಲ್ಲಿ ಆಕೆ ಕೈಮುಗಿದು ನಿಂತಿರುತ್ತಾರೆ. ನಡುವೆ ಆತ, ಕೂಲಿಂಗ್ ಗ್ಲಾಸ್ ಸಮೇತ. ಸುತ್ತ ಊರಿನ ಅಷ್ಟೂ ಹುಡುಗರ ತಲೆ. ಕೆಳಗಿನ ಮೊಬೈಲ್ ನಂಬರ್ ಯಾರದು ಅಂತ ಹೇಳಬೇಕಾಗಿಲ್ಲ ಅಲ್ವಾ. ಗಂಡಂದಿರು ಸಭೆಯಲ್ಲಿ ಕೂರಬಾರದು ಅಂತ ಸುತ್ತೋಲೆ ಬಂದರೆ, ಅದನ್ನು ಸಭೆಯಲ್ಲಿ ಕೂತು ಓದುವವರೂ ಅವರೇ.

ಸಾಕಾಗಿದೆ ಕಣ್ರೀ. ನಾಮಪತ್ರ ತುಂಬಿ, ಮನೆಮನೆ ಸುತ್ತಿ, ಗೆದ್ದು ಬಂದ ಹೆಂಗಸು ಗೋಡೆಗೆ ಒರಗಿ ನಿಂತಿರುತ್ತಾಳೆ. ಎದ್ದು ಹೊರಗೆ ನಡೀರಿ ಅಂತ ಆ ಗಂಡನಿಗೆ ಹೇಳೋಕೆ ಪಿಡಿಒಗೆ ಬಾಯಿಲ್ಲವಾ? ಅರ್ಜಿ ಹಿಡಿದು ಅವನೆದುರೇ ಹಲ್ಲು ಗಿಂಜುವ ನಮಗಾದರೂ ಇಲ್ಲವಾ?